ಗಾರುತ್‌ನ ಮದ್ರಸದಿಂದ ಎದ್ದ ಬೊಬ್ಬೆ

ಹಜ್ಜ್‌ಗೆ ಹೋಗಿ ಬಂದ ನಮ್ಮೂರ ಹಿರಿಯರಲ್ಲಿ ಇಂಡೋನೇಷ್ಯಾದವರ ಬಗ್ಗೆ ಕೇಳಿ ನೋಡಿ. ಒಂದೇ ಬಣ್ಣದ ಬಟ್ಟೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಸಾಲು ತಪ್ಪದ ನಡಿಗೆ, ಯಾರನ್ನೂ ದೂಡುವುದಿಲ್ಲ, ಗಟ್ಟಿಯಾಗಿ ಮಾತಾಡುವುದಿಲ್ಲ ಎಂದು ಹೇಳುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶ ಅದು. ಹಜ್ಜ್‌ಗೆ ಅತಿ ದೊಡ್ಡ ಕೋಟಾ ಇರುವುದೂ ಆ ದೇಶಕ್ಕೇ. ಅಂಥ ಮೆಲುದನಿಯವರ ನಾಡಿನ ಒಂದು ಗುಡ್ಡದ ಊರಿನ ಮದ್ರಸದಲ್ಲಿ ಕಲಿಯುತ್ತಿದ್ದ ಮೂವರು ಹೆಣ್ಮಕ್ಕಳು 2014ರಲ್ಲಿ ಒಂದು ರಾಕ್ ತಂಡ ಕಟ್ಟಿದರು. ರಾಕ್‌ನಲ್ಲೂ ಅತಿ ಗಟ್ಟಿ ಸದ್ದಿನ, ಮೆಟಲ್ ಎನ್ನುವ ಬಗೆ. ತಂಡಕ್ಕೆ ಅವರಿಟ್ಟ ಹೆಸರು ‘ವಾಯ್ಸ್ ಆಫ್ ಬಾಚೆಪ್ರೋಟ್’. ಬಾಚೆಪ್ರೋಟ್ ಎಂದರೆ ಅವರ ಮನೆಮಾತಾದ ಸುಂಡಾ ಭಾಷೆಯಲ್ಲಿ ಗದ್ದಲ, ಗಲಾಟೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಬೊಬ್ಬೆ.

ಹತ್ತು ವರ್ಷದ ಮೇಲೆ, 2024ರ ಜೂನ್ 28ರಂದು, ಇದೇ ಮೂವರು ತಲೆಗೆ ಹಿಜಾಬ್ ಸುತ್ತಿಕೊಂಡೇ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಹತ್ತಿದರು. ಆ ಉತ್ಸವಕ್ಕೆ ಇಂಡೋನೇಷ್ಯಾದಿಂದ ಹೋದ ಮೊದಲ ತಂಡವೇ ಇವರದ್ದು.

ಉಸ್ತಾದರಿಗೆ ಗಿಟಾರಿನ ಕಥೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣ ಉಂಟು. ಈ ಕಥೆಯಲ್ಲಿ ಗಿಟಾರಿಗಿಂತ ಮೊದಲು ಬರುವುದು ಒಂದು ಮದ್ರಸ, ಒಬ್ಬ ಅಧ್ಯಾಪಕ, ಮತ್ತು ‘ಈ ಮಕ್ಕಳನ್ನು ನೀವೇ ಸ್ವಲ್ಪ ನೋಡಿ’ ಎಂದು ಅವರ ಕೋಣೆಗೆ ಕಳುಹಿಸಿಕೊಟ್ಟ ಮೂವರು ಮಕ್ಕಳು. ಮದ್ರಸದಲ್ಲಿ ಕಲಿಸುವ ನಮಗೆ ಆ ಕೋಣೆ ಚೆನ್ನಾಗಿ ಗೊತ್ತು.

ಗಾರುತ್ ಪಶ್ಚಿಮ ಜಾವಾದ ಒಂದು ಜಿಲ್ಲೆ. 1955ರಲ್ಲಿ ನೆಹರೂ ಅವರು ಏಷ್ಯಾ-ಆಫ್ರಿಕಾ ಸಮ್ಮೇಳನಕ್ಕೆ ಹೋಗಿದ್ದ ಬಾಂಡುಂಗ್ ನಗರದಿಂದ ಆಗ್ನೇಯಕ್ಕೆ ಹೋದರೆ ಸಿಗುತ್ತದೆ. ಸುತ್ತ ಜ್ವಾಲಾಮುಖಿಗಳು. ಒಂದರ ಹೆಸರು ಪಾಪಂಡಾಯನ್, ಇನ್ನೊಂದರ ಹೆಸರು ಗುಂತೂರ್. (ಆಂಧ್ರದ ಮೆಣಸಿನಕಾಯಿಗೂ ಅದಕ್ಕೂ ಸಂಬಂಧವಿಲ್ಲ.) ಗದ್ದೆ, ಚಹಾ ತೋಟ, ತರಕಾರಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲ ಹಾಕಿ ಗಂಟೆಗಟ್ಟಲೆ ಮಗುಚುತ್ತಾ ಮಾಡುವ ದೊದೊಲ್ ಎಂಬ ಸಿಹಿಗೆ ಆ ಊರು ಹೆಸರುವಾಸಿ. ನಮ್ಮ ಮನೆಗಳಲ್ಲಿ ಹಲ್ವ ಮಗುಚಿ ಕೈ ಸೋತವರಿಗೆ ಆ ಕೆಲಸ ಹೇಳಿಕೊಡಬೇಕಾಗಿಲ್ಲ. ಜಿಲ್ಲೆಯ ದಕ್ಷಿಣದ ಗುಡ್ಡಗಳ ನಡುವೆ ಸಿಂಗಾಜಾಯ. ಈ ಮೂವರ ಊರು ಅದು. ಮೂವರೂ ಹಳ್ಳಿಯ ಸಾಧಾರಣ ಮನೆಗಳ ಮಕ್ಕಳು.

ಇನ್ನೊಂದು ನಂಟು ಹೇಳಿಬಿಡುತ್ತೇವೆ, ಇದು ಸಣ್ಣದಲ್ಲ. ಇಂಡೋನೇಷ್ಯಾದವರು ನಮ್ಮಂತೆಯೇ ಶಾಫಿಈಗಳು. ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅವರು 16ನೇ ಶತಮಾನದಲ್ಲಿ ಬರೆದ ‘ಫತ್‌ಹುಲ್ ಮುಈನ್’ ನಮ್ಮ ದರ್ಸ್‌ಗಳಲ್ಲಿ ಓದಿಸುವ ಕಿತಾಬು ತಾನೇ? ಜಾವಾದ ಪೆಸಾಂತ್ರೆನ್‌ಗಳಲ್ಲಿ, ಅಂದರೆ ಅಲ್ಲಿಯ ದರ್ಸ್‌ಗಳಲ್ಲಿ, ಇವತ್ತಿಗೂ ಅದನ್ನೇ ಓದಿಸುತ್ತಾರೆ. ಮಲಬಾರಿನ ಒಬ್ಬ ಆಲಿಮರ ಪುಟಗಳು ಸಮುದ್ರ ದಾಟಿ ಅಲ್ಲಿಯವರೆಗೆ ಹೋಗಿವೆ. ಹಾಗಾಗಿ ಸಿಂಗಾಜಾಯದ ಜಗಳ ದೂರದ ಯಾರದ್ದೋ ಜಗಳ ಅಲ್ಲ. ಒಂದೇ ಕಿತಾಬು ಓದಿದವರ ಮನೆಯ ಜಗಳ.

ಅಲ್ಲಿಯ ಮದ್ರಸ ನಮ್ಮ ಹಾಗೆ ಬೆಳಗ್ಗೆ ಒಂದೆರಡು ಗಂಟೆಯದ್ದಲ್ಲ. ಸರಕಾರದ ಧಾರ್ಮಿಕ ವ್ಯವಹಾರಗಳ ಸಚಿವಾಲಯದ ಅಡಿಯಲ್ಲಿ ನಡೆಯುವ ಪೂರ್ಣ ಶಾಲೆ ಅದು. ಗಣಿತ, ವಿಜ್ಞಾನ ಎಲ್ಲ ಉಂಟು. ಜೊತೆಗೆ ಕುರ್‌ಆನ್, ಫಿಕ್‌ಹ್, ಅರಬಿ. ಆರು ವರ್ಷ ಇಬ್ತಿದಾಇಯ್ಯ, ಮೂರು ವರ್ಷ ಸಾನವಿಯ್ಯ, ಮತ್ತೆ ಮೂರು ವರ್ಷ ಆಲಿಯ. ಸಾನವಿಯ್ಯ ಎಂದರೆ ನಮ್ಮ ಹೈಸ್ಕೂಲಿನ ಆಸುಪಾಸಿನ ಪ್ರಾಯ. ಹದಿಮೂರು, ಹದಿನಾಲ್ಕು. ಮಕ್ಕಳು ಇದ್ದಕ್ಕಿದ್ದಂತೆ ‘ಯಾಕೆ?’ ಎಂದು ಕೇಳಲು ಶುರು ಮಾಡುವ ಪ್ರಾಯ.

ಫಿರ್ದಾ ಮಾರ್ಸ್ಯಾ ಕುರ್ನಿಯಾ, ವಿದಿ ರಹ್ಮಾವತಿ, ಎಉಇಸ್ ಸಿತಿ ಆಯಿಷಾ. ಈ ಮೂವರೂ ಹಾಗೆ ಕೇಳುವವರೇ ಆಗಿದ್ದರು. ತಂಟೆಕೋರರು, ಎದುರು ಮಾತಾಡುವವರು ಎಂಬ ಹೆಸರು ಬಂದು ಮತ್ತೆ ಮತ್ತೆ ಶಾಲೆಯ ಆಪ್ತ ಸಲಹೆಗಾರರ ಬಳಿಗೆ ಹೋಗಬೇಕಾಯಿತು. ಆ ಹೊಣೆ ಇದ್ದದ್ದು ಎರ್ಸಾ ಎಂಬ ಅಧ್ಯಾಪಕರಿಗೆ. ಮಕ್ಕಳು ಅವರನ್ನು ಅಬಾಹ್ ಎನ್ನುತ್ತಿದ್ದರು, ಎಂದರೆ ಬಾಪ. ಅಬಾಹ್ ಎರ್ಸಾ ಆ ಮಕ್ಕಳಿಗೆ ಬೆತ್ತ ತೋರಿಸಲಿಲ್ಲ. ಮೊದಲು ನಾಟಕಕ್ಕೆ ಹಚ್ಚಿದರು. ಅಲ್ಲಿಂದ ದಾರಿ ಸಂಗೀತದತ್ತ ತಿರುಗಿತು. ಅವರ ಲ್ಯಾಪ್‌ಟಾಪಿನಲ್ಲಿ ‘ಸಿಸ್ಟಮ್ ಆಫ್ ಎ ಡೌನ್’ ಎಂಬ ಅಮೆರಿಕದ ತಂಡದ ‘ಟಾಕ್ಸಿಸಿಟಿ’ ಎಂಬ ಆಲ್ಬಮ್ ಇತ್ತು. 2001ರದ್ದು. ಆ ತಂಡದವರು ಅರ್ಮೇನಿಯಾ ಮೂಲದವರು. 1915ರ ನರಮೇಧದಲ್ಲಿ ಬದುಕಿ ಉಳಿದವರ ಸಂತತಿ. ಸಿಟ್ಟಿನಲ್ಲಿ ಹಾಡುವುದು ಅವರ ರೀತಿ. ಕೇಳಿದ ಹುಡುಗಿಯರಿಗೆ ಇಂಗ್ಲಿಷ್ ಎಷ್ಟು ಅರ್ಥವಾಯಿತೋ, ಸಿಟ್ಟು ಮಾತ್ರ ಅರ್ಥವಾಯಿತು.

ಇಂಡೋನೇಷ್ಯಾದಲ್ಲಿ ಮೆಟಲ್ ಸಂಗೀತ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದಕ್ಕೆ ಒಂದು ಮಾತು. ಮುಂದೆ ದೇಶದ ಅಧ್ಯಕ್ಷರಾದ ಜೋಕೊ ವಿದೊದೊ 2013ರಲ್ಲಿ ಜಕಾರ್ತಾದ ಗವರ್ನರ್ ಆಗಿದ್ದಾಗ, ‘ಮೆಟಾಲಿಕಾ’ ತಂಡದ ಬಾಸ್ ವಾದಕರು ತಮ್ಮ ಸಹಿ ಹಾಕಿದ ಗಿಟಾರೊಂದನ್ನು ಅವರಿಗೆ ಉಡುಗೊರೆಯಾಗಿ ಕಳುಹಿಸಿದ್ದರು. ಅವರು ಅದನ್ನು ಭ್ರಷ್ಟಾಚಾರ ನಿಗ್ರಹ ಆಯೋಗಕ್ಕೆ ಒಪ್ಪಿಸಿದರು. ಆಯೋಗ ಅದನ್ನು ಸರಕಾರದ ಸೊತ್ತು ಎಂದು ಇಟ್ಟುಕೊಂಡಿತು. ಅಧ್ಯಕ್ಷರಾದ ಮೇಲೆ ಡೆನ್ಮಾರ್ಕಿನ ಪ್ರಧಾನಿ ಅದೇ ತಂಡದ ಆಲ್ಬಮ್ ಕೊಟ್ಟಾಗ, ಕೈಯಿಂದ ದುಡ್ಡು ಕಟ್ಟಿ ಅದನ್ನು ಉಳಿಸಿಕೊಂಡರಂತೆ. ನಮ್ಮ ಕಡೆ ರಾಜಕಾರಣಿಗಳಿಗೆ ಬರುವ ಉಡುಗೊರೆಗಳ ಲೆಕ್ಕ ಇಷ್ಟು ಚೊಕ್ಕ ಇದ್ದರೆ ಎಷ್ಟು ಚೆನ್ನ. ಇರಲಿ, ಕಥೆಗೆ ಬರೋಣ.

ಬ್ಯಾಂಡ್ ಎಂದರೇನು ಎಂದು ಕೇಳುವ ಮನೆಯ ಹಿರಿಯರಿಗೆ ನಾವು ದಫ್ ತಂಡವನ್ನು ತೋರಿಸುತ್ತೇವೆ. ಇಶಾ ಮುಗಿದ ಮೇಲೆ ಮದ್ರಸದ ಹಾಲ್‌ನಲ್ಲಿ ಹತ್ತು ಹುಡುಗರು ಎರಡು ಸಾಲಾಗಿ ಕೂತು ಒಂದೇ ಹೊಡೆತವನ್ನು ನೂರು ಸಲ ಹೊಡೆಯುತ್ತಾರಲ್ಲ, ಒಬ್ಬನ ಕೈ ಕೂದಲೆಳೆಯಷ್ಟು ತಡವಾದರೂ ಇಡೀ ಬೈತ್ ಕೆಟ್ಟು ಹೋಗುತ್ತದಲ್ಲ, ಅದೇ ಕಷ್ಟ. ವ್ಯತ್ಯಾಸ ಏನೆಂದರೆ ಇಲ್ಲಿ ಮೂವರೇ. ಮಾರ್ಸ್ಯಾ ಹಾಡುತ್ತಾ ಗಿಟಾರ್ ನುಡಿಸಬೇಕು. ಗಿಟಾರಿನ ಸದ್ದು ಯಂತ್ರದೊಳಗೆ ಹೋಗಿ ಗರಗಸ ಎಳೆದ ಹಾಗೆ ಒರಟಾಗಿ ಹೊರಬರುತ್ತದೆ. ವಿದಿಯ ಕೈಯಲ್ಲಿ ನಾಲ್ಕು ದಪ್ಪ ತಂತಿಯ ಬಾಸ್. ಹೆಬ್ಬೆರಳಿನಿಂದ ತಂತಿಗೆ ಗುದ್ದಿ, ಇನ್ನೊಂದು ಬೆರಳಿನಿಂದ ಕಿತ್ತು ಬಿಡುವುದು ಅವರ ಶೈಲಿ. ಹಿಂದೆ ಸಿತಿ. ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಹತ್ತು ಮಂದಿಯ ದಫ್‌ನಲ್ಲಿ ಒಬ್ಬ ಕೆಮ್ಮಿದರೆ ಉಳಿದವರು ಮುಚ್ಚಿಬಿಡಬಹುದು. ಮೂವರಲ್ಲಿ ಒಬ್ಬರು ತಪ್ಪಿದರೆ ಮುಚ್ಚಲು ಯಾರೂ ಇಲ್ಲ.

ಶುರುವಿಗೆ ಬೇರೆಯವರ ಹಾಡುಗಳನ್ನೇ ನುಡಿಸಿದರು. ಎಲ್ಲ ತಂಡಗಳೂ ಹಾಗೇ. ನಮ್ಮ ಮದುವೆ ಮನೆಗಳಲ್ಲಿ ಹಾಡುವ ಹುಡುಗರೂ ಮೊದಲು ಮಾಪಿಳ್ಳ ಪಾಟ್ ಹಾಡಿಯೇ ಕಲಿತವರು. ಆಮೇಲೆ ತಾನೇ ಬ್ಯಾರಿಯಲ್ಲಿ ಸ್ವಂತ ಸಾಲು ಕಟ್ಟುವ ಧೈರ್ಯ ಬರುವುದು. ಈ ಮೂವರು ಶಾಲಾ ಕಾರ್ಯಕ್ರಮ, ಊರಿನ ಸಣ್ಣ ವೇದಿಕೆ ಎಂದು ಹೋಗುತ್ತಾ, 2017ರ ಹೊತ್ತಿಗೆ ಅಲ್ಲಿಯ ಟೀವಿಗೂ ಅಮೆರಿಕದ ಪತ್ರಿಕೆಗೂ ಸುದ್ದಿಯಾದರು. 2018ರಲ್ಲಿ ತಮ್ಮದೇ ಹಾಡು ಬಂತು, ‘ಸ್ಕೂಲ್ ರೆವಲ್ಯೂಷನ್’. ಶಾಲೆ ಮಕ್ಕಳನ್ನು ಒಂದೇ ಅಚ್ಚಿಗೆ ಹಾಕಿ ಒತ್ತುವುದರ ವಿರುದ್ಧದ ಹಾಡು. ಅಧ್ಯಾಪಕರೇ ಬೆನ್ನಿಗೆ ನಿಂತು, ಶಾಲೆಯನ್ನು ಬಯ್ಯುವ ಹಾಡು! ನಮ್ಮಲ್ಲಿ ಎಷ್ಟು ಜನ ಉಸ್ತಾದರಿಗೆ ಇದು ಆದೀತು ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿದ್ದುಂಟು. ಉತ್ತರ ಇಲ್ಲಿ ಬರೆಯುವುದಿಲ್ಲ.

ರೆಕಾರ್ಡಿಂಗ್ ಎಂದರೆ ಮೈಕ್ ಮುಂದೆ ನಿಂತು ಒಂದು ಸಲ ಹಾಡಿಬಿಡುವುದು ಎಂದು ತಿಳಿದವರು ಬಹಳ ಮಂದಿ. ಮೀಲಾದ್ ಸಮಯದಲ್ಲಿ ಮಕ್ಕಳ ಹಾಡು ರೆಕಾರ್ಡ್ ಮಾಡಿಸಲು ಮಂಗಳೂರಿನ ಸ್ಟುಡಿಯೋಗೆ ಕರೆದುಕೊಂಡು ಹೋದವರಿಗೆ ಸತ್ಯ ಗೊತ್ತು. ಹೆಡ್‌ಫೋನಿನಲ್ಲಿ ‘ಟಿಕ್ ಟಿಕ್’ ಎಂದು ಗಡಿಯಾರದ ಹಾಗೆ ತಾಳ ಬೀಳುತ್ತಿರುತ್ತದೆ. ಅದರ ಮೇಲೆಯೇ ನಡೆಯಬೇಕು. ರಾಕ್ ತಂಡದಲ್ಲಿ ಸಾಮಾನ್ಯವಾಗಿ ಮೊದಲು ಡ್ರಮ್. ಒಂದೊಂದು ಡ್ರಮ್ಮಿಗೂ ತಾಳದ ತಟ್ಟೆಗೂ ಬೇರೆ ಬೇರೆ ಮೈಕ್ ಇಡುತ್ತಾರೆ. ಅದು ಸರಿಯಾದ ಮೇಲೆ ಬಾಸ್, ಆಮೇಲೆ ಗಿಟಾರ್, ಒಂದೇ ಗಿಟಾರನ್ನು ಎರಡೆರಡು ಸಲ ನುಡಿಸಿ ಎಡಕಿವಿಗೊಂದು ಬಲಕಿವಿಗೊಂದು. ಕೊನೆಗೆ ಕಂಠ. ಆಮೇಲೆ ಇವೆಲ್ಲವನ್ನೂ ಕೂಡಿಸಿ, ಯಾವುದು ಮುಂದೆ ಯಾವುದು ಹಿಂದೆ ಎಂದು ತೂಗಿ ನೋಡುವ ಕೆಲಸ. ಮೂರು ನಿಮಿಷದ ಹಾಡಿಗೆ ದಿನಗಟ್ಟಲೆ. ವೇದಿಕೆಯಲ್ಲಿ ಉತ್ಸಾಹ ತಪ್ಪನ್ನು ಮುಚ್ಚುತ್ತದೆ, ಸ್ಟುಡಿಯೋದ ಮೈಕ್ ಉಸಿರನ್ನೂ ಬಿಡದೆ ಹಿಡಿಯುತ್ತದೆ.

ಹಾಗೆ ಒಂದೊಂದೇ ಹಾಡು ಮಾಡುತ್ತಾ, 2023ರ ಜುಲೈಯಲ್ಲಿ ಅವರ ಮೊದಲ ಪೂರ್ಣ ಆಲ್ಬಮ್ ‘ರೆತಾಸ್’ ಹೊರಬಂತು. ತಂಡ ಕಟ್ಟಿ ಒಂಬತ್ತು ವರ್ಷದ ನಂತರ! ಯೂಟ್ಯೂಬಿಗೆ ಒಂದು ಹಾಡು ಹಾಕಿ ಮೂರನೇ ದಿನಕ್ಕೆ ‘ವ್ಯೂ ಬರ್ಲಿಲ್ಲ ಉಸ್ತಾದ್’ ಎಂದು ಮುಖ ಸಣ್ಣ ಮಾಡುವ ನಮ್ಮ ಹುಡುಗರು ಈ ಒಂಬತ್ತನ್ನು ಗಮನಿಸಬೇಕು. ಅವರು ಇಂಗ್ಲಿಷಿನಲ್ಲಿ ಹಾಡುತ್ತಾರೆ, ಇಂಡೋನೇಷ್ಯಾದ ಭಾಷೆಯಲ್ಲಿ ಹಾಡುತ್ತಾರೆ, ಮನೆಮಾತು ಸುಂಡಾದಲ್ಲೂ ಹಾಡುತ್ತಾರೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಲೋಕಕ್ಕೆ ಒಂದು ಎಂಬ ಲೆಕ್ಕ ನಮಗೆ ಹೊಸತಲ್ಲ. ಬ್ಯಾರಿ ಅಕಾಡೆಮಿ ಬಂದದ್ದೇ 2009ರಲ್ಲಿ. ಅದಕ್ಕಿಂತ ಮೊದಲು ನಮ್ಮ ಭಾಷೆಯನ್ನು ಉಳಿಸಿದ್ದು ಉಮ್ಮಂದಿರ ಜೋಗುಳ, ಮೈಲಾಂಜಿ ರಾತ್ರಿಯ ಪಾಟ್, ಆಮೇಲೆ ಕ್ಯಾಸೆಟ್ಟು.

ಈಗ ಕಷ್ಟದ ಭಾಗ.

ಆ ಮೂವರು ಸಾನವಿಯ್ಯ ಮುಗಿಸಿ ಮುಂದಿನ ತರಗತಿಗೆ ಹೋದಾಗ, ಅಲ್ಲಿಯ ಮುಖ್ಯಸ್ಥರು ಸಂಗೀತ ಹರಾಮ್ ಎಂದು ಎಲ್ಲ ಮಕ್ಕಳ ಮುಂದೆಯೇ ಹೇಳಿದ್ದರೆಂದು ಅವರು ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಊರಲ್ಲಿ ಮಾತು, ಫೋನಿನಲ್ಲಿ ಬೆದರಿಕೆ. ಮಾರ್ಸ್ಯಾ ಒಮ್ಮೆ ಸ್ಟುಡಿಯೋದಿಂದ ಮನೆಗೆ ಮರಳುವಾಗ ಅವರ ಮೇಲೆ ಕಲ್ಲು ಬಿತ್ತು. ಜೊತೆಗೆ ಒಂದು ಚೀಟಿ, ಅದರಲ್ಲಿ ಬೈಗಳು. ಮನೆಯವರಿಗೂ ಭಯ. ಹೆಣ್ಮಕ್ಕಳಿಗೆ ಬೇಗ ಮದುವೆ ಮಾಡಿ ಮುಗಿಸುವುದು ಅಲ್ಲಿಯ ಹಳ್ಳಿಗಳಲ್ಲೂ ರೂಢಿಯೇ.

ನಮ್ಮ ಮದ್ರಸದ ಮೇಲಿನ ಕ್ಲಾಸಿನ ಹೆಣ್ಮಕ್ಕಳು ಈ ತಂಡದ ವೀಡಿಯೋವನ್ನು ಯಾರದ್ದೋ ಫೋನಿನಲ್ಲಿ ನೋಡಿ ನಮ್ಮ ಮುಂದೆ ತಂದಿಟ್ಟರು. ಕೇಳಿದ್ದು ಒಂದೇ ಪ್ರಶ್ನೆ: ‘ಉಸ್ತಾದ್, ಇದು ಹರಾಮಾ?’ ನಾವು ಕಿತಾಬಿನಲ್ಲಿ ಇರುವುದನ್ನೇ ಹೇಳಿದೆವು. ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯ ತಂತಿವಾದ್ಯಕ್ಕೂ ಕೊಳಲಿಗೂ ಅನುಮತಿ ಕೊಡುವುದಿಲ್ಲ, ದಫ್‌ಗೆ ಕೊಡುತ್ತದೆ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ‘ಸಮಾ’ ಎಂಬ ವಿಷಯಕ್ಕೇ ಒಂದು ಪೂರ್ತಿ ಭಾಗ ಬರೆದು, ಕೇಳುವವನ ಎದೆಯಲ್ಲಿ ಏನಿದೆ ಎಂಬುದನ್ನೂ ತೂಕಕ್ಕೆ ಹಾಕಿದ್ದಾರೆ. ಅವರೂ ಶಾಫಿಈ ಇಮಾಮರೇ. ಅಭಿಪ್ರಾಯ ಭೇದ ಇವತ್ತಿನದ್ದಲ್ಲ. ಫತ್ವಾ ಕೊಡುವ ಸ್ಥಾನ ನಮ್ಮದಲ್ಲ, ಪತ್ರಿಕೆಯ ಪುಟ ಅದಕ್ಕೆ ಜಾಗವೂ ಅಲ್ಲ. ಸಂಶಯ ಇದ್ದವರು ತಮ್ಮ ಊರಿನ ಖತೀಬರನ್ನು ಕೇಳಲಿ.

ಆದರೆ ಇಷ್ಟನ್ನು ನಾವು ಆ ಮಕ್ಕಳಿಗೂ ಹೇಳಿದೆವು, ಇಲ್ಲೂ ಹೇಳುತ್ತೇವೆ. ಹದಿನಾರರ ಹುಡುಗಿಯ ತಲೆಗೆ ರಾತ್ರಿ ಕಲ್ಲೆಸೆಯುವುದಕ್ಕೆ ಯಾವ ಕಿತಾಬಿನಲ್ಲೂ ಬಾಬ್ ಇಲ್ಲ. ಚೀಟಿಯಲ್ಲಿ ಬೈಗಳು ಬರೆದು ದೀನ್ ಉಳಿಸಿದ ಸಲಫ್ ಯಾರೂ ಇಲ್ಲ. ಗಿಟಾರಿನ ಬಗ್ಗೆ ಉಲಮಾಗಳಲ್ಲಿ ಎರಡು ಮಾತಿರಬಹುದು, ಈ ಕಲ್ಲಿನ ಬಗ್ಗೆ ಇಲ್ಲ.

ಆ ಹೆಣ್ಮಕ್ಕಳಲ್ಲಿ ಒಬ್ಬಳು ಅಷ್ಟಕ್ಕೆ ಬಿಡಲಿಲ್ಲ. ‘ನಾವು ನಾಲ್ಕನೇ ಕ್ಲಾಸಿನವರೆಗೆ ಮೀಲಾದ್ ಸ್ಟೇಜಿನಲ್ಲಿ ಹಾಡಿದ್ದೆವಲ್ಲ ಉಸ್ತಾದ್, ಪ್ರೈಸೂ ಬಂದಿತ್ತು. ಈಗ ನಾವು ಎಲ್ಲಿ ಹಾಡುವುದು?’ ಎಂದಳು. ತಂತಿವಾದ್ಯದ ಪ್ರಶ್ನೆ ಅಲ್ಲ ಅದು. ಅವಳ ದನಿ ನಮಗೆ ನೆನಪಿತ್ತು. ಬುರ್ದಾದ ಸಾಲುಗಳನ್ನು ತಜ್ವೀದ್ ತಪ್ಪದೆ ಹಾಡುತ್ತಿದ್ದವಳು. ಹೆಣ್ಮಕ್ಕಳದ್ದೇ ಸಭೆ, ಹೆಣ್ಮಕ್ಕಳದ್ದೇ ಮೌಲಿದ್, ಮದುವೆ ಮನೆಯ ಒಳಗಿನ ಪಾಟ್, ಇವುಗಳಿಗೆ ಮೊದಲು ಮನೆಗಳಲ್ಲಿ ಜಾಗವಿತ್ತು. ಈಗ ಹಾಲ್‌ನಲ್ಲಿ ಮದುವೆ, ಡಿಜೆಯ ಸದ್ದು. ಪಾಡುವ ಅಜ್ಜಿಯಂದಿರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಡಿಜೆಗೆ ಸಾವಿರಗಟ್ಟಲೆ ಕೊಡುವ ಮನೆಯಲ್ಲಿ ಮಗಳ ದನಿ ಅಡುಗೆಕೋಣೆಯ ಹೊರಗೆ ಕೇಳಬಾರದು ಎನ್ನುವ ಲೆಕ್ಕ ನಮಗಂತೂ ಅರ್ಥವಾಗಿಲ್ಲ. ಈ ವರ್ಷದಿಂದ ತಿಂಗಳಿಗೊಂದು ಗುರುವಾರ, ಹೆಣ್ಮಕ್ಕಳಿಗೂ ಉಮ್ಮಂದಿರಿಗೂ ಮಾತ್ರವಾಗಿ ಮದ್‌ಹ್ ಸಭೆ ನಡೆಸಲು ನಮ್ಮ ಮದ್ರಸ ಕಮಿಟಿಯಲ್ಲಿ ವಿಷಯ ಇಟ್ಟಿದ್ದೇವೆ. ಇಬ್ಬರು ಹ್ಞೂಂ ಎಂದಿದ್ದಾರೆ, ಒಬ್ಬರು ಮುಂದಿನ ಮೀಟಿಂಗ್ ಎಂದಿದ್ದಾರೆ.

ಇಂಡೋನೇಷ್ಯಾದಲ್ಲಿ ಈ ಪ್ರಶ್ನೆಗೆ ಹಳೆಯದೊಂದು ಉತ್ತರ ಉಂಟು. ನಮಗೆ ಬಾಚೆಪ್ರೋಟಿಗಿಂತ ಅದೇ ಹೆಚ್ಚು ಹಿಡಿಸಿತು ಎಂದರೆ ತಪ್ಪಾಗದು. ಮಧ್ಯ ಜಾವಾದ ಸೆಮಾರಾಂಗ್‌ನಲ್ಲಿ ಝೈನ್ ಎಂಬವರು ಕುರ್‌ಆನ್ ಖಿರಾಅತ್ ಕಲಿಸುತ್ತಿದ್ದರು. 1975ರಲ್ಲಿ ಅವರು ತಮ್ಮ ಬಳಿ ಕಲಿಯುತ್ತಿದ್ದ ಒಂಬತ್ತು ಹೆಣ್ಮಕ್ಕಳನ್ನು ಸೇರಿಸಿ ‘ನಾಸಿದಾ ರಿಯಾ’ ಎಂಬ ಖಸೀದಾ ತಂಡ ಕಟ್ಟಿದರು. ಮೊದಲು ಕೈಯಲ್ಲಿದ್ದದ್ದು ರೆಬಾನಾ, ಅಂದರೆ ನಮ್ಮ ದಫ್‌ನ ಅಕ್ಕ. ಆಮೇಲೆ ನಗರದ ಮೇಯರ್ ಒಂದು ಕೀಬೋರ್ಡ್ ಕೊಟ್ಟರು. ಬರಬರುತ್ತಾ ಗಿಟಾರ್, ಬಾಸ್, ಪಿಟೀಲು ಸೇರಿದವು. ಮೊದಮೊದಲು ಅರಬಿಯಲ್ಲೇ ಹಾಡುತ್ತಿದ್ದರು. ನಹ್ದತುಲ್ ಉಲಮಾದ ಆಲಿಮರಾದ ಅಹ್ಮದ್ ಬುಖಾರಿ ಮಸ್ರೂರಿ, ‘ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಡಿ’ ಎಂಬ ಸಲಹೆ ಕೊಟ್ಟು, ತಾವೇ ಬೇರೆ ಹೆಸರಿನಲ್ಲಿ ಸಾಹಿತ್ಯ ಬರೆದುಕೊಟ್ಟರು. ಶಾಂತಿಯ ಬಗ್ಗೆ ಅವರು ಬರೆದ ‘ಪೆರ್ದಮಾಯನ್’ ಆ ದೇಶದಲ್ಲಿ ಕೇಳದ ಕಿವಿ ಇಲ್ಲ. ಆಲಿಮರು ಬರೆದದ್ದು, ಖಿರಾಅತ್ ಉಸ್ತಾದರು ಕಲಿಸಿದ್ದು, ಹಿಜಾಬ್ ಧರಿಸಿದ ಹೆಣ್ಮಕ್ಕಳು ನುಡಿಸಿದ್ದು. ಅದೇ ಶಾಫಿಈ ನಾಡಿನಲ್ಲಿ. ಅಂದರೆ ಸಿಂಗಾಜಾಯದ ಮೂವರು ಹುಟ್ಟುವ ಇಪ್ಪತ್ತೈದು ವರ್ಷ ಮೊದಲೇ ಅಲ್ಲಿ ಒಂದು ದಾರಿ ಸವೆದಿತ್ತು. ಇವರು ಆ ದಾರಿಯಲ್ಲಿ ಸ್ವಲ್ಪ ಜೋರಾಗಿ, ಬಹಳ ಸದ್ದು ಮಾಡುತ್ತಾ ಹೋದರು.

ಸದ್ದು ದೂರಕ್ಕೆ ಕೇಳಿತು. ‘ರೇಜ್ ಅಗೈನ್ಸ್ಟ್ ದ ಮಷೀನ್’ ತಂಡದ ಟಾಮ್ ಮೊರೆಲ್ಲೊ, ‘ರೆಡ್ ಹಾಟ್ ಚಿಲಿ ಪೆಪ್ಪರ್ಸ್’ ತಂಡದ ಫ್ಲೀ ಇವರನ್ನು ಮೆಚ್ಚಿ ಬಹಿರಂಗವಾಗಿ ಹೇಳಿದರು. ಮೂವರೂ ಗಾರುತ್ ಬಿಟ್ಟು ಜಕಾರ್ತಾಕ್ಕೆ ವಾಸ ಬದಲಿಸಿದರು. 2021ರ ಕೊನೆಗೆ ಯುರೋಪಿನಲ್ಲಿ ಮೊದಲ ಪ್ರವಾಸ. ಡಿಸೆಂಬರಿನಲ್ಲಿ ಫ್ರಾನ್ಸಿನ ರೆನ್ ನಗರದ ‘ಟ್ರಾನ್ಸ್ ಮ್ಯೂಸಿಕಾಲ್’ ಉತ್ಸವದಲ್ಲಿ ನುಡಿಸಿದರು. ಫ್ರಾನ್ಸ್ ಎಂದರೆ 2004ರಿಂದ ಸರಕಾರಿ ಶಾಲೆಯೊಳಗೆ ಹೆಣ್ಮಕ್ಕಳು ತಲೆವಸ್ತ್ರ ಧರಿಸಬಾರದೆಂದು ಕಾನೂನು ಇರುವ ದೇಶ. ಅಲ್ಲಿಯ ವೇದಿಕೆಯ ಮೇಲೆ ಮೂವರು ಹಿಜಾಬಿನಲ್ಲಿ ನಿಂತು ನುಡಿಸಿದ ಅದೇ ಡಿಸೆಂಬರಿನ ಕೊನೆಯಲ್ಲಿ, ನಮ್ಮ ಉಡುಪಿಯ ಒಂದು ಕಾಲೇಜಿನಲ್ಲಿ ಹೆಣ್ಮಕ್ಕಳು ಕ್ಲಾಸಿನ ಹೊರಗೆ ನಿಂತಿದ್ದರು. ಮರುವರ್ಷ ಮಾರ್ಚ್ 8ಕ್ಕೆ, ಮಹಿಳಾ ದಿನದಂದು, ಬಾಚೆಪ್ರೋಟ್‌ನ ಇನ್ನೊಂದು ಹಾಡು ಬಂತು. ಹೆಣ್ಣಿನ ಮೈ ಊರಿನ ಸೊತ್ತಲ್ಲ ಎಂಬುದು ಅದರ ವಿಷಯ. ಅದಾಗಿ ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 15ರಂದು, ನಮ್ಮ ಹೈಕೋರ್ಟಿನ ತೀರ್ಪು. ನಮ್ಮ ಮನೆಗಳಲ್ಲಿ ಆ ವರ್ಷ ಕಾಲೇಜು ಬಿಟ್ಟ ಹೆಣ್ಮಕ್ಕಳು ಇದ್ದಾರೆ. ಅವರಿಗೆ ದಿನಾಂಕಗಳನ್ನು ನೆನಪಿಸಬೇಕಾಗಿಲ್ಲ.

ಆ ಮೂವರಿಗೆ ಹೊರದೇಶದಲ್ಲಿ ಆದ ಕಿರಿಕಿರಿಯೂ ಇದೇ ಬಟ್ಟೆಯದ್ದು. ಊರಲ್ಲಿ ‘ಹಿಜಾಬ್ ಹಾಕಿಕೊಂಡು ಗಿಟಾರೇ?’ ಎಂದು ಕೇಳುತ್ತಿದ್ದರು, ಹೊರಗೆ ‘ಗಿಟಾರ್ ನುಡಿಸುವವರು ಹಿಜಾಬ್ ಹಾಕುತ್ತೀರಾ?’ ಎಂದು. ಸಂದರ್ಶನಕ್ಕೆ ಬಂದವರು ಹಾಡಿನ ಬಗ್ಗೆ ಕೇಳದೆ ತಲೆವಸ್ತ್ರದ ಬಗ್ಗೆಯೇ ಮತ್ತೆ ಮತ್ತೆ ಕೇಳುವುದು ಸಾಕಾಗಿದೆ ಎಂದು ಅವರು ಹೇಳಿದ್ದಾರೆ. ಹಿಜಾಬ್ ತಮ್ಮ ಆಯ್ಕೆ, ತಮ್ಮ ಗುರುತು, ಅದನ್ನು ತೆಗೆಯುವ ಯೋಚನೆ ಇಲ್ಲ ಎಂಬುದೂ ಅವರ ಮಾತೇ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಬ್ಯಾರ್ದಿ ಹೆಣ್ಮಕ್ಕಳು ಇದನ್ನು ಓದಿ ತಲೆಯಾಡಿಸುವುದು ನಮಗೆ ಇಲ್ಲಿಂದಲೇ ಕಾಣುತ್ತದೆ.

2022ರ ಆಗಸ್ಟಿನಲ್ಲಿ ಉತ್ತರ ಜರ್ಮನಿಯ ವಾಕನ್. ಮೆಟಲ್ ಸಂಗೀತದವರಿಗೆ ಅದೊಂದು ದೊಡ್ಡ ಉರೂಸ್ ಇದ್ದ ಹಾಗೆ. (ಹೋಲಿಕೆ ಜನ ಸೇರುವುದಕ್ಕೆ ಮಾತ್ರ, ದಯವಿಟ್ಟು ಯಾರೂ ಪತ್ರ ಬರೆಯಬೇಡಿ.) ಸುಮಾರು 2000 ಜನರ ಹಳ್ಳಿ, ಸುತ್ತ ದನದ ಹುಲ್ಲುಗಾವಲು. 1990ರಲ್ಲಿ ಶುರುವಾದಾಗ ಸೇರಿದ್ದು 800 ಜನರಂತೆ. ಈಗ ಮುಕ್ಕಾಲು ಲಕ್ಷದ ಮೇಲೆ ಬರುತ್ತಾರೆ. ಗ್ಲಾಸ್ಟನ್‌ಬರಿಯೂ ಹಾಗೆಯೇ, 1970ರಲ್ಲಿ ಒಬ್ಬ ಹಾಲು ಮಾರುವ ರೈತ ತನ್ನ ಹೊಲದಲ್ಲಿ ಶುರು ಮಾಡಿದ್ದು. ಟಿಕೇಟಿಗೆ ಒಂದು ಪೌಂಡ್, ಹಾಲು ಧರ್ಮಕ್ಕೆ.

ಇಂಥ ಉತ್ಸವದಲ್ಲಿ ಹೊಸ ತಂಡಕ್ಕೆ ಸಾಮಾನ್ಯವಾಗಿ ಸಿಗುವುದು ಮುಕ್ಕಾಲು, ಒಂದು ಗಂಟೆ. ಹಿಂದಿನ ತಂಡ ಇಳಿದು ಇವರು ಹತ್ತುವ ನಡುವಿನ ಸ್ವಲ್ಪ ಹೊತ್ತಿನಲ್ಲಿ ಡ್ರಮ್ ಜೋಡಿಸಬೇಕು, ತಂತಿ ಶ್ರುತಿಯಾಗಬೇಕು, ಒಂದೊಂದು ಮೈಕನ್ನೂ ನೋಡಬೇಕು. ನಮ್ಮ ಮೀಲಾದ್ ವೇದಿಕೆಯ ‘ಹಲೋ, ಮೈಕ್ ಟೆಸ್ಟ್’ ಅರ್ಧ ಗಂಟೆ ನಡೆಯುವುದನ್ನು ಕಂಡವರಿಗೆ ಇದು ಅಚ್ಚರಿ. ಆಗಸ್ಟಿನಲ್ಲಿ ವಾಕನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ, ಜೂನ್ ಕೊನೆಗೆ ಗ್ಲಾಸ್ಟನ್‌ಬರಿಯಲ್ಲಿ ಒಂಬತ್ತೂವರೆಯ ಆಸುಪಾಸು. ಇಶಾಗೆ ಎಷ್ಟು ಹೊತ್ತಿಗೆ ನಿಲ್ಲುವುದು, ಜಂಅ್ ಮಾಡುವುದಾ, ಖಸ್ರ್ ಮಾಡುವುದಾ ಎಂದು ವೀಡಿಯೋ ನೋಡುವಾಗಲೂ ನಮ್ಮ ತಲೆ ಹೋದದ್ದು ಅಲ್ಲಿಗೇ. ಉಸ್ತಾದರ ತಲೆ, ಏನು ಮಾಡುವುದು.

ಸಂಗೀತ ನಮ್ಮ ಕಿವಿಗೆ ಹಿಡಿಸಿತೇ ಎಂದು ಕೇಳಿದರೆ, ಇಲ್ಲ. ಎರಡು ನಿಮಿಷಕ್ಕೆ ತಲೆ ಗುಂಯ್ ಎಂದಿತು. ದೇವರೇ, ದಯವಿಟ್ಟು ನನಗೆ ಸಂಗೀತ ನುಡಿಸಲು ಬಿಡು ಎಂಬ ಅರ್ಥದ ಹೆಸರಿನ ಹಾಡೊಂದು ಅವರದ್ದುಂಟು. ಕಲ್ಲು, ಬೈಗಳು ಎಲ್ಲ ಆದ ಮೇಲೆ ಬಂದದ್ದು. ಒಪ್ಪಲಿ ಬಿಡಲಿ, ಆ ಹಾಡಿನ ಮುಖ ಇರುವುದು ಕಲ್ಲೆಸೆದವರ ಕಡೆಗಲ್ಲ, ರಬ್ಬಿನ ಕಡೆಗೆ. ಅದನ್ನು ನಾವು ಪೂರ್ತಿ ಕೇಳಿದೆವು.

ಅಬಾಹ್ ಎರ್ಸಾ ಬಗ್ಗೆ ಇನ್ನೂ ಒಂದು ಮಾತು. ಹುಡುಗಿಯರಿಗೆ ಹೆಸರು ಬಂದಾಗ ಅವರನ್ನು ತನ್ನ ಬಳಿಯೇ ಕಟ್ಟಿಹಾಕಿಕೊಳ್ಳುವುದು ಸುಲಭವಿತ್ತು. ಊರಿನ ಉಸ್ತಾದರಿಗೆ ಪ್ರಸಿದ್ಧ ಶಿಷ್ಯರೆಂದರೆ ಎಷ್ಟು ಅಭಿಮಾನ ಎಂದು ನಮಗೆ ಗೊತ್ತು. ಮೊದಮೊದಲ ಹಾಡುಗಳ ಸಾಲುಗಳಲ್ಲಿ ಅವರ ಕೈಯೂ ಇತ್ತು. ಆದರೂ ಮೂವರು ರಾಜಧಾನಿಗೆ ಹೋದರು, ಅಲ್ಲಿ ಬೇರೆಯವರು ಅವರ ವ್ಯವಹಾರ ನೋಡಿಕೊಂಡರು. ಹೋದ ಕಡೆಯಲ್ಲೆಲ್ಲ ಆ ಹುಡುಗಿಯರು ಅವರನ್ನು ನೆನೆಯುವುದನ್ನು ಬಿಟ್ಟಿಲ್ಲ. ತಮ್ಮ ಊರಿನ ಮಕ್ಕಳಿಗಾಗಿ ಅಲ್ಲೇ ಏನಾದರೂ ಕಟ್ಟಬೇಕು ಎಂಬ ಆಸೆಯನ್ನೂ ಹೇಳಿಕೊಂಡಿದ್ದಾರೆ.

ಅವರು ವಾಕನ್‌ನಲ್ಲಿ ನುಡಿಸಿದ 2022ರ ಅದೇ ಬೇಸಗೆಯಲ್ಲಿ, ಜೂನ್ ತಿಂಗಳಲ್ಲಿ, ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಕಲಾ ಉತ್ಸವಕ್ಕೆ ಜಾವಾದಿಂದ ಇನ್ನೊಂದು ತಂಡ ಬಂದಿತ್ತು. ಒಂದೇ ಬಣ್ಣದ ಉಡುಪು, ತಲೆಗೆ ಹಿಜಾಬ್, ಕೈಯಲ್ಲಿ ಪಿಟೀಲು, ಬಾಸ್, ರೆಬಾನಾ. ಸೆಮಾರಾಂಗ್‌ನ ‘ನಾಸಿದಾ ರಿಯಾ’. ಝೈನ್ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. 1975ರ ಆ ಒಂಬತ್ತು ಮಂದಿಯ ಜಾಗಕ್ಕೆ ಒಂದೊಂದಾಗಿ ಹೊಸ ಹೆಣ್ಮಕ್ಕಳು ಬಂದಿದ್ದರು, ಒಂದಿಬ್ಬರು ಹಳಬರೂ ಜೊತೆಗಿದ್ದರು. ಹಾಡಿದ್ದು ಆಲಿಮರು ಬರೆದುಕೊಟ್ಟ ಅದೇ ಶಾಂತಿಯ ಹಾಡುಗಳು. ಎದುರು ನಿಂತಿದ್ದ ಜರ್ಮನ್ ಹುಡುಗ ಹುಡುಗಿಯರು ಭಾಷೆ ಬಾರದಿದ್ದರೂ ಕೈ ಮೇಲೆತ್ತಿ ಕುಣಿಯುತ್ತಿದ್ದರು.